ಅಂಜನಾದ್ರಿಯಿಂದ ಸಂಡೂರಿನವರೆಗೆ ಒಂದೇ 24–105 ಜೂಮ್

ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ನಿಂತವರ ಕೈ ತಾನಾಗಿ 24–105 ಮಿ.ಮೀ. ಲೆನ್ಸಿನ ಜೂಮ್ ರಿಂಗನ್ನು ಅತಿ ಅಗಲ ನೋಟದ 24ಕ್ಕೆ ತಿರುಗಿಸುತ್ತದೆ. ಕೆಳಗೆ ತುಂಗಭದ್ರೆ, ಭತ್ತದ ಗದ್ದೆ, ತೆಂಗಿನ ಸಾಲು, ಆಚೆ ದಡದಲ್ಲಿ ಹಂಪಿಯ ಗುಡ್ಡಗಳು. ಫುಲ್‌ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ 24 ಮಿ.ಮೀ. ಮೂಲೆಯಿಂದ ಮೂಲೆಗೆ ಸುಮಾರು 84 ಡಿಗ್ರಿ ನೋಡುವುದರಿಂದ ಅಷ್ಟೂ ಚೌಕಟ್ಟಿನೊಳಗೆ ಬರುತ್ತದೆ. ಆದರೆ ಮನೆಗೆ ಹೋಗಿ ತೆರೆದು ನೋಡಿದರೆ ಗುಡ್ಡಗಳು ಜಲ್ಲಿಕಲ್ಲಿನ ರಾಶಿಯಂತೆ ಕುಗ್ಗಿರುತ್ತವೆ, ಮೇಲರ್ಧ ಬರೀ ಬಿಳಿಚಿದ ಆಕಾಶ. ಆನೆಗುಂದಿ ಸೀಮೆಯಲ್ಲಿ ಈ ಲೆನ್ಸಿನ ನಿಜವಾದ ಕೆಲಸ ಇರುವುದು 50ರಿಂದ 105ರ ನಡುವೆ.

ಕಾರಣ ಸರಳ. ಸಾಣಾಪುರದ ದಾರಿಯಲ್ಲಿ ಒಂದು ಒಂಟಿ ಬಂಡೆ, ಅದರ ಹಿಂದೆ ದೂರದಲ್ಲಿ ಒಂದು ಗುಡ್ಡ ಇದೆ ಎಂದುಕೊಳ್ಳಿ. ಬಂಡೆಯಿಂದ 3 ಮೀಟರ್ ದೂರ ನಿಂತು 24ರಲ್ಲಿ ಒಂದು ಚಿತ್ರ ತೆಗೆಯಿರಿ. ನಂತರ 9 ಮೀಟರಿಗೆ ಹಿಂದೆ ಸರಿದು 72ರಲ್ಲಿ ಇನ್ನೊಂದು. ಬಂಡೆ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು, ಹಿಂದಿನ ಗುಡ್ಡ ಮಾತ್ರ ಎರಡನೆಯದರಲ್ಲಿ ಮೂರು ಪಟ್ಟು ಎದ್ದು ನಿಂತಿರುತ್ತದೆ. ಮುಂದಿನದಕ್ಕೂ ಹಿಂದಿನದಕ್ಕೂ ಇರುವ ಅಳತೆಯ ಸಂಬಂಧ ತೀರ್ಮಾನವಾಗುವುದು ನೀವು ನಿಂತ ಜಾಗದಿಂದ. ಜೂಮ್ ಮಾಡುವುದು ಅಂಚನ್ನು ಕತ್ತರಿಸುವ ಕೆಲಸ ಅಷ್ಟೇ. ಆದ್ದರಿಂದ ಮೊದಲು ನಡೆದು ಜಾಗ ಹುಡುಕಿ, ಆಮೇಲೆ ರಿಂಗ್ ತಿರುಗಿಸಿ. ಜೂಮ್ ಇದೆಯೆಂದು ನಿಂತಲ್ಲೇ ನಿಲ್ಲುವವರ ಚಿತ್ರಗಳೆಲ್ಲ ಒಂದೇ ತರಹ ಬರುತ್ತವೆ.

ಉದ್ದ ತುದಿಗೆ ಹೋದಂತೆ ಫೋಕಸ್ ಬಿಗಿಯಾಗುತ್ತದೆ. 24ರಲ್ಲಿ ಎಫ್/8 (ಲೆನ್ಸಿನ ಬೆಳಕಿನ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಿದಂತೆ ಕಿಂಡಿ ಕಿರಿದು) ಇಟ್ಟು 2.4 ಮೀಟರಿಗೆ ಫೋಕಸ್ ಮಾಡಿದರೆ 1.2 ಮೀಟರಿನಿಂದ ದಿಗಂತದವರೆಗೂ ಸ್ಪಷ್ಟ. ಮೇಲಿನ 72ರ ಚಿತ್ರಕ್ಕೆ ಎಫ್/11 ಬೇಕು, ಫೋಕಸ್ ಸುಮಾರು 16 ಮೀಟರಿಗೆ. ಆಗ 8 ಮೀಟರಿನಾಚೆಗಿನದೆಲ್ಲ ಹಿಡಿತಕ್ಕೆ ಸಿಗುತ್ತದೆ, 9 ಮೀಟರಿನ ಬಂಡೆಯೂ ಅದರೊಳಗೆ ಬಂತು. 105ರಲ್ಲಿ ಎಫ್/11 ಇಟ್ಟರೂ 17 ಮೀಟರಿಗಿಂತ ಹತ್ತಿರದ್ದು ಮಸುಕೇ. ಇದಕ್ಕೆಂದು ಎಫ್/22ಕ್ಕೆ ಹೋಗಬೇಡಿ, ಕಿಂಡಿ ಅಷ್ಟು ಕಿರಿದಾದರೆ ಬೆಳಕು ಬಾಗಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಇನ್ನೊಂದು ಮಾತು: 105ರಲ್ಲಿ ಫೋಕಸ್ ಹಿಡಿದು 24ಕ್ಕೆ ಎಳೆದರೆ ಹಲವು ಜೂಮ್‌ಗಳಲ್ಲಿ ಫೋಕಸ್ ಜಾರುತ್ತದೆ. ರಿಂಗ್ ತಿರುಗಿಸಿದ ಮೇಲೆ ಮತ್ತೆ ಫೋಕಸ್ ಮಾಡಬೇಕು.

ಅಷ್ಟಾದರೂ ಇಡೀ ನದಿಯ ತಿರುವೇ ಬೇಕು ಎನ್ನುವವರಿಗೆ ಪನೋರಮಾ ಇದೆ. ಕ್ಯಾಮೆರಾವನ್ನು ಉದ್ದುದ್ದ ಹಿಡಿದು 50 ಮಿ.ಮೀ.ನಲ್ಲಿ ಎಡದಿಂದ ಬಲಕ್ಕೆ ಏಳು ಚಿತ್ರ ತೆಗೆಯಿರಿ, ಪ್ರತಿಯೊಂದೂ ಹಿಂದಿನದರ ಮೂರನೇ ಒಂದು ಭಾಗವನ್ನು ಹೊತ್ತಿರಲಿ. ಸುಮಾರು 135 ಡಿಗ್ರಿ ಸಿಗುತ್ತದೆ, ಗುಡ್ಡವೂ ಕುಗ್ಗುವುದಿಲ್ಲ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರೂ ಮ್ಯಾನ್ಯುಯಲ್. ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಮಾತ್ರ ಬಿಚ್ಚಿಡಿ: ಸೂರ್ಯನಿಗೆ 90 ಡಿಗ್ರಿಯ ದಿಕ್ಕಿನಲ್ಲಿ ಅದು ಆಕಾಶವನ್ನು ಹೆಚ್ಚು ಕಪ್ಪಾಗಿಸುವುದರಿಂದ ಜೋಡಿಸಿದ ಚಿತ್ರದ ನಡುವೆ ನೀಲಿ ಪಟ್ಟೆ ಬೀಳುತ್ತದೆ. 24ರ ಒಂಟಿ ಚಿತ್ರಕ್ಕೂ ಇದೇ ಕಾಟ. ನಾಟಿಗೆ ಮುಂಚೆ ನೀರು ನಿಂತ ಗದ್ದೆ, ಮಳೆಯಲ್ಲಿ ನೆನೆದ ಬಂಡೆ, ಇವಕ್ಕೆ ಪೋಲರೈಸರ್ ಚೆನ್ನ. ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ) ಬೆಳಕು ನುಂಗುತ್ತದೆ ಎಂಬ ಲೆಕ್ಕ ಇಟ್ಟುಕೊಂಡಿರಿ.

ಬೇಸಿಗೆಯ ಮಧ್ಯಾಹ್ನ 105ರಲ್ಲಿ ದೂರದ ಗುಡ್ಡ ತೆಗೆದು ‘ಲೆನ್ಸ್ ಶಾರ್ಪ್ ಇಲ್ಲ’ ಎಂದು ಗೊಣಗುವವರು ಬಹಳ. ತಪ್ಪು ಲೆನ್ಸಿನದಲ್ಲ, ಕಾದ ಬಂಡೆಯ ಮೇಲಿನ ಗಾಳಿಯದು. ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಪರದೆಯ ಮೇಲೆ, ದೊಡ್ಡದು ಮಾಡಿ ನೋಡಿ, ಗುಡ್ಡದ ಅಂಚು ನೀರಿನಂತೆ ಅಲುಗುತ್ತಿದ್ದರೆ ಟ್ರೈಪಾಡ್ ಇಟ್ಟರೂ ಪ್ರಯೋಜನವಿಲ್ಲ. ಬೆಳಗ್ಗೆ ಬೇಗ ಬರಬೇಕು, ಇಲ್ಲವೇ ಹತ್ತಿರದ್ದನ್ನು ತೆಗೆಯಬೇಕು. ಮಳೆ ಬಂದು ಹೋದ ಮರುದಿನದ ಬೆಳಗು ಎಲ್ಲಕ್ಕಿಂತ ಮೇಲು.

ಇಟಗಿಯ ಮಹಾದೇವ ದೇವಾಲಯದಲ್ಲಿ ಸಮಸ್ಯೆಯೇ ಬೇರೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದ ಗುಡಿ ಇದು. ಹತ್ತಿರ ನಿಂತು 24ರಲ್ಲಿ ಕ್ಯಾಮೆರಾ ಮೇಲಕ್ಕೆತ್ತಿದರೆ ಶಿಖರ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಹಿಂದೆ ಸರಿದು 35–50ರಲ್ಲಿ ಕ್ಯಾಮೆರಾವನ್ನು ಮಟ್ಟಸವಾಗಿ ಹಿಡಿಯಿರಿ, ಕೆಳಗೆ ಹೆಚ್ಚಾದ ನೆಲವನ್ನು ಆಮೇಲೆ ಕತ್ತರಿಸಿದರಾಯಿತು. ಇಂಥ ಜೂಮ್‌ಗಳು 24ರಲ್ಲಿ ಗೆರೆಗಳನ್ನು ಹೊರಕ್ಕೂ ಉದ್ದ ತುದಿಯಲ್ಲಿ ಒಳಕ್ಕೂ ಬಾಗಿಸುತ್ತವೆ. ಸಾಫ್ಟ್‌ವೇರ್ ನೆಟ್ಟಗೆ ಮಾಡುವಾಗ ಅಂಚು ಕಳೆದುಹೋಗುವುದರಿಂದ ಸುತ್ತ ಸ್ವಲ್ಪ ಜಾಗ ಬಿಡಿ. ಕಡೆದ ಕಂಬಗಳ ಮಂಟಪದೊಳಗೆ ಎಫ್/4, ಐಎಸ್‌ಒ (ಬೆಳಕಿಗೆ ಸಂವೇದನೆಯ ಅಳತೆ) 1600 ಇಟ್ಟು, ಸ್ಟೆಬಿಲೈಸರ್ ನಂಬಿ ಕೈಯಲ್ಲೇ ತೆಗೆಯಿರಿ. ಎಎಸ್‌ಐ (ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ) ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಬೇಕೆಂದರೆ ಮೊದಲೇ ಅನುಮತಿ ಪಡೆಯಬೇಕು. ಡಿಸೆಂಬರಿನಲ್ಲಿ ಉತ್ತರದ ಗೋಡೆಗೆ ನೇರ ಬಿಸಿಲೇ ಬೀಳುವುದಿಲ್ಲ, ದಕ್ಷಿಣದ ಗೋಡೆಯಿಂದ ಶುರುಮಾಡಿ.

ರಾಯಚೂರು ಕೋಟೆಯ 1294ರ ಶಾಸನದ ಕಲ್ಲು 41 ಅಡಿಗೂ ಉದ್ದ. ಒಂದೇ ಚಿತ್ರದಲ್ಲಿ ಹಿಡಿಯುವ ಹಟ ಬೇಡ. 50–70ರಲ್ಲಿ, ಗೋಡೆಗೆ ಸಮಾನಾಂತರವಾಗಿ ಒಂದೇ ದೂರ ಕಾಯ್ದುಕೊಂಡು ಪಕ್ಕಕ್ಕೆ ನಡೆಯುತ್ತ ತುಂಡುತುಂಡಾಗಿ ತೆಗೆದು ಜೋಡಿಸಿ. ಅಕ್ಷರ ಓದಲು ಬರಬೇಕಾದರೆ ಬಿಸಿಲು ಓರೆಯಾಗಿ ಗೋಡೆಯನ್ನು ಸವರುವಂತಿರಬೇಕು.

ಇನ್ನು ಧೂಳು. ಉದ್ದಕ್ಕೆ ಚಾಚಿಕೊಳ್ಳುವ ಜೂಮ್ ಪ್ರತಿ ಸಲವೂ ಗಾಳಿಯನ್ನು ಒಳಗೆಳೆಯುತ್ತದೆ. ಸಂಡೂರಿನ ಅದಿರಿನ ಕೆಂಧೂಳು ಹೊರಚಾಚಿದ ಕೊಳವೆಯ ಮೇಲೆ ಕೂತಿರುತ್ತದೆ, ಹಾಗೆಯೇ 24ಕ್ಕೆ ಎಳೆದರೆ ಒಂದಿಷ್ಟು ಒಳಗೇ ಹೋಗುತ್ತದೆ. ಆದ್ದರಿಂದ 105ರಲ್ಲಿ ಇರುವಾಗಲೇ ಕೊಳವೆಯನ್ನು ಒಣಬಟ್ಟೆಯಿಂದ ಒರೆಸಿ, ನಂತರ ಮುಚ್ಚಿ. ಮುಂದಿನ ಗಾಜಿಗೆ ಮಾತ್ರ ಬಟ್ಟೆ ತಾಗಿಸುವ ಮುಂಚೆ ರಬ್ಬರ್ ಬ್ಲೋವರ್, ಆಮೇಲೆ ಮೆತ್ತನೆ ಬ್ರಷ್. ಅದಿರಿನ ಕಣ ಗಟ್ಟಿ, ಒತ್ತಿ ಉಜ್ಜಿದರೆ ಲೇಪನದ ಮೇಲೆ ಗೀರು ಬೀಳುತ್ತದೆ. ಅಲ್ಲಿ ಲೆನ್ಸ್ ಬದಲಿಸುವ ಗೋಜೇ ಬೇಡ, ಒಂದೇ ಜೂಮ್ ಒಯ್ಯುವುದರ ದೊಡ್ಡ ಲಾಭ ಇದೇ.

ಕೊಳ್ಳುವವರಿಗೆ: ಲ್ಯಾಂಡ್‌ಸ್ಕೇಪ್‌ಗೆ ಎಫ್/2.8 ಬೇಕಿಲ್ಲ, ಕೆಲಸವೆಲ್ಲ ಎಫ್/8ರ ಆಸುಪಾಸಿನಲ್ಲೇ. ಸೋನಿಯ 24–105 ಎಫ್/4 663 ಗ್ರಾಂ, ಕ್ಯಾನನ್ ಆರ್‌ಎಫ್‌ನದು 700 ಗ್ರಾಂ, ನಿಕಾನ್ ಝಡ್ 24–120 630 ಗ್ರಾಂ. ಮೂರಕ್ಕೂ 77 ಮಿ.ಮೀ. ಫಿಲ್ಟರ್. ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಚಿಕ್ಕ ಸೆನ್ಸರ್‌ನ) ಕ್ಯಾಮೆರಾ ಇದ್ದವರಿಗೆ 18–135 ಸಾಕು. ಜೂಮ್ ಮಾಡಿದಂತೆ ಅದರ ಕಿಂಡಿ ಕಿರಿದಾಗುತ್ತದೆ ಎಂದು ಹಲವರು ಹಿಂಜರಿಯುತ್ತಾರೆ, ಆದರೆ ಎಫ್/8ರಲ್ಲಿ ತೆಗೆಯುವವರಿಗೆ ಆ ತೊಂದರೆ ಎದುರಾಗುವುದೇ ಇಲ್ಲ.