ಈ ಭಯ ಕಣದ್ದೋ, ಗೋಡೌನಿನದ್ದೋ?

ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ. ಹಾಗಾಗಿ ಮದುವೆ ಊಟದ ಪಂಕ್ತಿಯಲ್ಲಿ ಕೂತರೂ ಯಾರಾದರೂ ಕೇಳಿಯೇ ಕೇಳುತ್ತಾರೆ: "ದೊಡ್ಡ ತೀರ್ಮಾನ ತಗೊಳ್ಳುವಾಗ ಭಾವನೆಗಳನ್ನು ಪಕ್ಕಕ್ಕಿಡಬೇಕು, ಅಲ್ವಾ ಮೇಡಂ?"

ಇಲ್ಲ. ಪೂರ್ತಿ ಪಕ್ಕಕ್ಕಿಟ್ಟರೆ ತೀರ್ಮಾನವೇ ಆಗುವುದಿಲ್ಲ.

ನರತಜ್ಞ ಆಂಟೋನಿಯೊ ಡಮಾಸಿಯೊ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. ಹಣೆಯ ಹಿಂದೆ, ಭಾವನೆಗೂ ಯೋಚನೆಗೂ ಕೊಂಡಿಯಾಗಿರುವ ಮಿದುಳಿನ ಭಾಗಕ್ಕೆ ಅವನಿಗೆ ಹಾನಿಯಾಗಿತ್ತು. ಬುದ್ಧಿಗೆ ಏನೂ ಆಗಿರಲಿಲ್ಲ. ಮುಂದಿನ ಸಲ ಬರಲು ಎರಡು ದಿನಾಂಕ ಕೊಟ್ಟರು. ಆತ ಡೈರಿ ತೆರೆದು, ಬೇರೆ ಕೆಲಸ, ಹವಾಮಾನ ಅಂತ ಹತ್ತಿರ ಹತ್ತಿರ ಅರ್ಧ ಗಂಟೆ ಲೆಕ್ಕ ಹಾಕಿದ. ಮುಗಿಯಲೇ ಇಲ್ಲ. ಕೊನೆಗೆ ಡಮಾಸಿಯೊ ಅವರೇ "ಎರಡನೆಯ ದಿನ ಬನ್ನಿ" ಎಂದರು. "ಆಗಲಿ" ಎಂದು ಎದ್ದು ಹೋದ. ನಮಗಾದರೆ ಐದು ನಿಮಿಷಕ್ಕೇ ಬೇಸರ ಬಂದು "ಸಾಕು, ಯಾವುದೋ ಒಂದು" ಅನಿಸುತ್ತಿತ್ತು. ಆ ಬೇಸರವೂ ಒಂದು ಸಹಾಯ.

ಮನಃಶಾಸ್ತ್ರಜ್ಞರಾದ ಪೀಟರ್ ಸಲೋವೆ ಮತ್ತು ಜಾನ್ ಮೇಯರ್ 1990ರಲ್ಲಿ ಭಾವನಾತ್ಮಕ ಬುದ್ಧಿವಂತಿಕೆಯನ್ನು ವಿವರಿಸಿದಾಗಲೂ ಭಾವನೆ ಅದುಮಿಡಿ ಅನ್ನಲಿಲ್ಲ. ಗಮನಿಸಿ, ಯಾವುದು ಯಾವುದು ಅಂತ ಬಿಡಿಸಿ ನೋಡಿ, ಯೋಚನೆಗೆ ಬಳಸಿಕೊಳ್ಳಿ ಅಂದರು. ಈ ಬಿಡಿಸಿ ನೋಡುವುದೇ ಕಷ್ಟ.

ಮೂಡಿಗೆರೆ ಕಡೆ ನಮ್ಮ ಚಿಕ್ಕಪ್ಪನ ತೋಟ. ಒಂದು ಜನವರಿಯಲ್ಲಿ ಕಣದ ತುಂಬಾ ರೊಬಸ್ಟಾ ಕಾಫಿ ಹರವಿದ್ದಾಗ ಸಂಜೆ ಮಳೆ ಹಿಡಿಯಿತು. ಟಾರ್ಪಾಲ್ ಎಳೆಯುವಷ್ಟರಲ್ಲಿ ಅರ್ಧ ಕಾಫಿ ನೆನೆದಿತ್ತು. ಮೈಯೆಲ್ಲ ಒದ್ದೆಯಾಗಿ ಜಗಲಿಗೆ ಬಂದು ನಿಂತರು, ಕೈ ನಡುಗುತ್ತಿತ್ತು. ಅದೇ ಹೊತ್ತಿಗೆ ವ್ಯಾಪಾರಿಯ ಫೋನು. ಗೋಡೌನಿನಲ್ಲಿ ಒಣಗಿಸಿಟ್ಟಿದ್ದ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ ಬೀಜ) ಅಷ್ಟನ್ನೂ ಆತ ಹೇಳಿದ ರೇಟಿಗೇ ಕೊಟ್ಟುಬಿಟ್ಟರು. ಟವೆಲ್ ತಂದ ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: "ರೀ, ನೆಂದಿದ್ದು ಕಣದಲ್ಲಿರೋದು. ಗೋಡೌನಿಂದು ಯಾಕೆ ಮಾರಿದ್ರಿ?"

ಆಮೇಲೆ ಬೆಲೆ ಏರಿತೋ ಇಳಿಯಿತೋ, ಅದು ಬೇರೆ ಮಾತು. ಭಯ ಸುಳ್ಳಲ್ಲ. ಟಾರ್ಪಾಲ್ ಎಳೆಯಲು ಅದು ಬೇಕೇ ಬೇಕಿತ್ತು. ಆದರೆ ಸಂಬಂಧವಿಲ್ಲದ ಜಾಗಕ್ಕೂ ಹೋಗಿ ಕೂತಿತು.

ಜೆರೆಮಿ ಯಿಪ್ ಮತ್ತು ಸ್ಟೆಫಾನ್ ಕೋಟೆ 2013ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಭಾಷಣ ಮಾಡಬೇಕು ಎಂದು ಹೇಳಿ ಕೆಲವರಿಗೆ ಆತಂಕ ಹುಟ್ಟಿಸಿದರು. ಆಮೇಲೆ ಭಾಷಣಕ್ಕೆ ಸಂಬಂಧವೇ ಇಲ್ಲದ, ರಿಸ್ಕ್ ತಗೊಳ್ಳಬೇಕೋ ಬೇಡವೋ ಅನ್ನುವ ಆಯ್ಕೆ ಕೊಟ್ಟರು. ಭಾವನೆಗಳ ಮೂಲ ಅರ್ಥವಾಗದವರು ಆ ಆತಂಕದಲ್ಲೇ ಹಿಂಜರಿದರು. ಅರ್ಥವಾಗುವವರ ಮೇಲೆ ಅದು ಅಷ್ಟು ಕೆಲಸ ಮಾಡಲಿಲ್ಲ. ನನಗೆ ತುಂಬಾ ಖುಷಿ ಕೊಟ್ಟದ್ದು ಮುಂದಿನದು: "ನಿಮ್ಮ ಆತಂಕ ಭಾಷಣದ್ದು, ಈ ಆಯ್ಕೆಯದ್ದಲ್ಲ" ಎಂದು ತಿಳಿಸಿದಾಗ ಮೊದಲಿನವರೂ ಸುಧಾರಿಸಿಕೊಂಡರು. ಅಂದರೆ ಇದು ಹುಟ್ಟಿನಿಂದಲೇ ಬರಬೇಕಾದ ಗುಣವಲ್ಲ. ಪಕ್ಕದಲ್ಲಿದ್ದವರು ಒಂದು ಮಾತು ಕೇಳಿದರೂ ಸಾಕಾಗಬಹುದು.

ಈಗ ಚಿಕ್ಕಪ್ಪನ ಮನೆಯಲ್ಲಿ ವ್ಯಾಪಾರಿಯ ಫೋನು ಚಿಕ್ಕಮ್ಮನಿಗೇ ಬರುತ್ತದೆ. ಮಳೆ ಬಂದ ದಿನ ಅವರು ಎತ್ತುವುದಿಲ್ಲ.