ಮಂಗೋಲಿಯನ್ ಕಲಿಕೆ, ಮೂರನೇ ತಿಂಗಳು: ಇಂಗ್ಲಿಷ್ ಬಿಟ್ಟು ಜಪಾನಿ ದಾರಿ

ವ್ಯಾಕರಣಕ್ಕೆ ಜಪಾನಿ, ನಿಘಂಟಿಗೆ ರಷ್ಯನ್: ಸದ್ಯಕ್ಕೆ ಈ ಜೋಡಿ ನಿಂತಿದೆ. ಟೋಕಿಯೊ ವಿದೇಶಿ ಭಾಷಾ ವಿಶ್ವವಿದ್ಯಾಲಯದ ಆನ್‌ಲೈನ್ ಪಾಠಗಳಲ್ಲಿ ಮಂಗೋಲಿಯನ್ನೂ ಉಂಟು. ಉಚಿತ, ಧ್ವನಿಯೂ ಇದೆ. ಜಪಾನಿ ಅರ್ಧಂಬರ್ಧ ಬಂದರೂ ಸಾಕು, ಏಕೆಂದರೆ ಜಪಾನಿ, ಮಂಗೋಲಿಯನ್ ಎರಡರಲ್ಲೂ ವಾಕ್ಯದ ಹೆಣಿಗೆ ಕನ್ನಡದ್ದೇ. "ಇರ್ನ್ ಗೆಜ್ ಹೆಲ್ಸೆನ್" ಅಂದರೆ "ಬರ್ತೀನಿ ಅಂತ ಹೇಳಿದ". ನಮ್ಮ "ಅಂತ" ಇರುವಲ್ಲೇ ಅವರ "ಗೆಜ್". "ಇದೇದ್ ಇರ್ಸೆನ್" ಅಂದರೆ "ತಿಂದು ಬಂದ". ಗೆರ್ ಮನೆ, ಗೆರ್ಟ್ ಮನೆಯಲ್ಲಿ, ಗೆರೇಸ್ ಮನೆಯಿಂದ.

ಎಡವುವುದು ಒಂದು ಕಡೆ. ಅಲ್ಲಿ ಕ್ರಿಯಾಪದಕ್ಕೆ ಪುರುಷ, ವಚನ ಹತ್ತುವುದಿಲ್ಲ. ಬಂದೆ, ಬಂದ, ಬಂದರು ಎಲ್ಲಕ್ಕೂ "ಇರ್ಸೆನ್" ಒಂದೇ. ಕನ್ನಡದಿಂದ ಮಂಗೋಲಿಯನ್‌ಗೆ ಹೋಗುವ ಆಂಕಿ (ಪದ ನೆನಪಿಡಲು ಬಳಸುವ ಆ್ಯಪ್) ಕಾರ್ಡಿನಲ್ಲಿ "ಬಂದೆ" ಎಂದಷ್ಟೇ ಬರೆದರೆ "ಬಿ" (ನಾನು) ಬಿಟ್ಟುಹೋಗುತ್ತದೆ. "ನಾನು ಬಂದೆ" ಎಂದು ಪೂರ್ತಿ ಬರೆಯಬೇಕು.

2001–02ರಲ್ಲಿ ಬಂದ ನಾಲ್ಕು ಸಂಪುಟಗಳ ಮಂಗೋಲಿಯನ್-ರಷ್ಯನ್ ನಿಘಂಟೇ ಈಗಿನ ಆಧಾರ. ಆದರೆ ಸ್ಕ್ಯಾನ್ ಪ್ರತಿಯನ್ನು ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡುವಾಗ ಭಾಷೆ "ರಷ್ಯನ್" ಎಂದು ಇಟ್ಟರೆ ಕೆಲಸ ಕೆಟ್ಟಿತು. ಎರಡೂ ಭಾಷೆಗೆ ಸಿರಿಲಿಕ್ ಲಿಪಿಯೇ, ಆದರೆ ಮಂಗೋಲಿಯನ್‌ನಲ್ಲಿ 35 ಅಕ್ಷರ, ರಷ್ಯನ್‌ನಲ್ಲಿ 33. ಹೆಚ್ಚಿನ ಎರಡೂ ಸ್ವರಗಳು: ನಡುವೆ ಅಡ್ಡಗೆರೆಯ "ಓ", ಮತ್ತು ಇಂಗ್ಲಿಷಿನ ದೊಡ್ಡ ವೈಯಂತೆ ಕಾಣುವ "ಉ". ರಷ್ಯನ್ ಮಾದರಿ ಈ ಎರಡನೆಯದನ್ನು ಮಾಮೂಲಿ "ಉ" ಎಂದು ಓದಿಬಿಡುತ್ತದೆ. "ಕೂದಲು" ಹೋಗಿ "ನೀರು" ಆಗುತ್ತದೆ. ಎರಡೂ ಸರಿಯಾದ ಪದಗಳೇ, ಹಾಗಾಗಿ ಕಾಗುಣಿತ ಪರೀಕ್ಷೆಗೂ ಸಿಗುವುದಿಲ್ಲ. ಟೆಸೆರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶದಲ್ಲಿ ಮಂಗೋಲಿಯನ್ ದತ್ತಾಂಶ ಬೇರೆಯಾಗಿಯೇ ಇದೆ, ಅದನ್ನು ಹಾಕಿಕೊಳ್ಳಿ. ಹಳೆಯ ಫೈಲುಗಳಲ್ಲಿ ಈ ಎರಡರ ಜಾಗಕ್ಕೆ ಉಕ್ರೇನಿಯನ್ ಅಕ್ಷರಗಳೂ ನುಸುಳಿರುತ್ತವೆ, ಹುಡುಕಿ ಬದಲಿಸಬೇಕು.

ಉಚ್ಚಾರಕ್ಕೆ ಕನ್ನಡದ ಕಿವಿ ಸಾಕು: "ತ್ಸಸ್" ಹಿಮ, "ತ್ಸಾಸ್" ಕಾಗದ. ಹ್ರಸ್ವ-ದೀರ್ಘ ತಿಳಿದವರಿಗೆ ಇದು ಒಗಟಲ್ಲ.

ಚೀನೀ ಪುಸ್ತಕಗಳು ಸದ್ಯಕ್ಕೆ ಬೇಡ. ಅವು ಚೀನಾದಲ್ಲಿರುವ ಒಳ ಮಂಗೋಲಿಯದ ಭಾಷೆಗೆ, ಮೇಲಿನಿಂದ ಕೆಳಕ್ಕೆ ಬರೆಯುವ ಹಳೆ ಲಿಪಿಗೆ. ಅದರಲ್ಲಿ "ಅಗುಲ" ಎಂದು ಬರೆದದ್ದನ್ನು ಓದುವುದು "ಊಲ್" (ಬೆಟ್ಟ). ಸಿರಿಲಿಕ್‌ನಲ್ಲಿ ಪದ ಗೊತ್ತಿಲ್ಲದೆ ಆ ಲಿಪಿಗೆ ಕೈಹಾಕಿದರೆ ಒಂದೊಂದು ಪದವನ್ನೂ ಎರಡೆರಡು ಸಲ ಕಲಿಯಬೇಕು. ಮುಂದಿನ ತಿಂಗಳು ನಿಘಂಟಿನ ಎರಡನೇ ಸಂಪುಟ.