ತಂಡದೊಡನೆ ಕೆಲಸ ಮಾಡುವುದಕ್ಕೂ ಅಂಕ ಕೊಡಲಾದೀತೇ?

ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಕಲಿಸುವ ನನ್ನನ್ನು ಎಂ.ಎಸ್. ವಿದ್ಯಾರ್ಥಿಗಳೂ ಗದಗ, ಹಾವೇರಿಯ ಸಹೋದ್ಯೋಗಿಗಳೂ ಪದೇ ಪದೇ ಕೇಳುವ ಪ್ರಶ್ನೆ ಇದು: ‘ಗಂಟು ಹಾಕುವುದನ್ನು ನೋಡಿ ಅಂಕ ಕೊಡಬಹುದು ಸರ್, ತಂಡದೊಡನೆ ಹೊಂದಿಕೊಂಡು ಕೆಲಸ ಮಾಡುವುದನ್ನು ಅಳೆಯುವುದು ಹೇಗೆ? ಅದು ಅವರವರ ಸ್ವಭಾವವಲ್ಲವೇ?’

ಸ್ವಭಾವ ನಮಗೆ ಬೇಕಾಗಿಯೇ ಇಲ್ಲ. ಕಣ್ಣಿಗೆ ಕಾಣುವ, ಕಿವಿಗೆ ಬೀಳುವ ನಡವಳಿಕೆಯಷ್ಟೇ ಸಾಕು. ನಡುರಾತ್ರಿ ನವಲಗುಂದದ ಕಡೆಯಿಂದ ಕರುಳು ತೂತಾದ ರೋಗಿ ಬಂದಿದ್ದಾರೆ ಎನ್ನಿ. ತೂತು ಮುಚ್ಚಿ, ಹೊಟ್ಟೆ ತೊಳೆದು, ಮೇಲಿನ ಹೊಲಿಗೆ ಆಗಷ್ಟೇ ಶುರುವಾಗಿದೆ. ಎಲ್ಲರೂ ದಣಿದಿದ್ದಾರೆ. ಆಗ ಸಿಸ್ಟರ್ ‘ಒಂದು ಮಾಪ್ (ಹೊಟ್ಟೆಯೊಳಗೆ ರಕ್ತ ಒರೆಸುವ ಬಟ್ಟೆ) ಕಡಿಮೆ ಬರುತ್ತಿದೆ’ ಎನ್ನುತ್ತಾರೆ. ಒಬ್ಬ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ತಲೆ ಎತ್ತದೆ ‘ಸರಿಯಾಗಿ ಎಣಿಸಿ’ ಎಂದು ಹೊಲಿಗೆ ಮುಂದುವರಿಸುತ್ತಾನೆ. ಇನ್ನೊಬ್ಬಳು ಸೂಜಿ ಕೆಳಗಿಡುತ್ತಾಳೆ. ‘ನಿಲ್ಲಿಸಿದ್ದೇನೆ ಸಿಸ್ಟರ್, ನೀವು ಇನ್ನೊಮ್ಮೆ ಎಣಿಸಿ, ನಾನು ಯಕೃತ್ತಿನ ಮೇಲೆ, ಕಿಬ್ಬೊಟ್ಟೆಯ ಆಳದಲ್ಲಿ ಕೈಯಾಡಿಸಿ ನೋಡುತ್ತೇನೆ’ ಎನ್ನುತ್ತಾಳೆ. ಅರಿವಳಿಕೆ ವೈದ್ಯರ ಕಡೆ ತಿರುಗಿ ಇನ್ನಷ್ಟು ಹೊತ್ತು ಬೇಕೆಂದು ತಿಳಿಸುತ್ತಾಳೆ. ಇಬ್ಬರ ಹೊಲಿಗೆಯೂ ಅಷ್ಟೇ ಅಚ್ಚುಕಟ್ಟಾಗಿರಬಹುದು. ಆದರೆ ನನ್ನ ಮನೆಯವರ ಹೊಟ್ಟೆಯನ್ನು ಯಾರ ಕೈಗೆ ಒಪ್ಪಿಸುತ್ತೇನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇದನ್ನು ಅಳೆಯಲು ಸ್ಕಾಟ್ಲೆಂಡಿನಲ್ಲಿ ರೂಪುಗೊಂಡ ‘ನಾಟ್ಸ್’ (NOTSS, ಶಸ್ತ್ರಚಿಕಿತ್ಸಕರ ತಾಂತ್ರಿಕೇತರ ಕೌಶಲಗಳು) ಎಂಬ ಮಾಪನವಿದೆ. ಸನ್ನಿವೇಶದ ಅರಿವು, ನಿರ್ಧಾರ, ಸಂವಹನ ಮತ್ತು ತಂಡಕಾರ್ಯ, ನಾಯಕತ್ವ ಎಂಬ ನಾಲ್ಕು ವಿಭಾಗಗಳಿಗೆ 1ರಿಂದ 4ರವರೆಗೆ ಅಂಕ. ಅದು ಶಸ್ತ್ರಚಿಕಿತ್ಸಕನೊಬ್ಬನನ್ನೇ ನೋಡುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ‘ಓಟಾಸ್’ (OTAS, ಶಸ್ತ್ರಚಿಕಿತ್ಸಾ ತಂಡಕಾರ್ಯವನ್ನು ನೋಡಿ ಅಳೆಯುವ ಮಾಪನ) ಹಾಗಲ್ಲ. ಶಸ್ತ್ರಚಿಕಿತ್ಸಕರು, ಅರಿವಳಿಕೆಯವರು, ಶುಶ್ರೂಷಕರು ಮೂವರನ್ನೂ 0ಯಿಂದ 6ರ ಅಳತೆಯಲ್ಲಿ ತೂಗುತ್ತದೆ. ಈ ವ್ಯತ್ಯಾಸ ಮರೆತರೆ ಅನ್ಯಾಯವಾಗುತ್ತದೆ. ಹೊಂದಾಣಿಕೆಯಿಲ್ಲದ ತಂಡದಲ್ಲಿ ಸಿಕ್ಕಿಬಿದ್ದ ಒಳ್ಳೆಯ ಪಿಜಿಯ ಹೆಸರಿಗೆ ಇಡೀ ತಂಡದ ಕಡಿಮೆ ಅಂಕ ಅಂಟಿಕೊಳ್ಳಬಾರದು. ಹಾಗಾಗಿ ಪಿಜಿಗೆ ನಾಟ್ಸ್, ಆಪರೇಷನ್ ಥಿಯೇಟರ್ ಸುಧಾರಣೆಗೆ ಓಟಾಸ್ ಎನ್ನುವುದು ನನ್ನ ನಿಲುವು.

ಅಂಕ ಕೊಡುವವರು ಯಾರು? ಇಲ್ಲಿ ನಮ್ಮವರಿಗೆ ಮುಜುಗರ. ಪ್ರಾಧ್ಯಾಪಕರು ಎದುರಿಗಿದ್ದಾಗ ಪ್ರತಿಯೊಬ್ಬ ಪಿಜಿಯೂ ಸೌಜನ್ಯದ ಮೂರ್ತಿ. ಅವನು ಮಾತು ಕೇಳಿಸಿಕೊಳ್ಳುತ್ತಾನೋ ಇಲ್ಲವೋ ಎಂಬುದು ನಿಜವಾಗಿ ಗೊತ್ತಿರುವುದು ಪಕ್ಕದಲ್ಲಿ ನಿಂತ ಸಿಸ್ಟರ್‌ಗೆ, ತಲೆಯ ಕಡೆ ಕುಳಿತ ಅರಿವಳಿಕೆ ವೈದ್ಯರಿಗೆ. ಅವರ ಅಭಿಪ್ರಾಯವಿಲ್ಲದ ಮೌಲ್ಯಮಾಪನವನ್ನು ನಾನು ಒಪ್ಪುವುದಿಲ್ಲ. ಅದೂ ಒಂದು ಕೇಸ್ ನೋಡಿ ಮುಗಿಸುವಂಥದ್ದಲ್ಲ; ಬೇರೆ ಬೇರೆ ಕೇಸ್‌ಗಳಲ್ಲಿ, ಬೇರೆ ಬೇರೆಯವರು ನೋಡಬೇಕು. ನೋಡುವವರಿಗೂ ಮೊದಲು ತರಬೇತಿ ಬೇಕು. ಇಲ್ಲವಾದರೆ ಒಬ್ಬರ 3 ಇನ್ನೊಬ್ಬರ 2 ಆಗುತ್ತದೆ.

ಮೊದಲ ವರ್ಷ ಈ ಅಂಕವನ್ನು ಪರೀಕ್ಷೆಗೆ ಸೇರಿಸಲೇಬಾರದು. ಕೇಸ್ ಮುಗಿದ ಕೂಡಲೇ ಕೂರಿಸಿಕೊಂಡು ‘ಸಿಸ್ಟರ್ ಎರಡು ಸಲ ಹೇಳಿದ್ದು ನಿನಗೆ ಕೇಳಿಸಿತೇ?’ ಎಂದು ಕೇಳಿದರೆ ಅವರು ಕಲಿಯುತ್ತಾರೆ. ಅಂಕಪಟ್ಟಿಯ ಭಯ ಬಂತೆಂದರೆ ನಟಿಸುತ್ತಾರೆ.

ಸ್ನಾತಕೋತ್ತರ ವಿದ್ಯಾರ್ಥಿಗಳೆಲ್ಲ ಈಗ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕಲ್ಲವೇ? ಪರಿಚಯವಿಲ್ಲದ ತಂಡ, ಬೇರೆಯೇ ಥಿಯೇಟರ್, ಬೆನ್ನಿಗೆ ನಾವಿಲ್ಲ. ಹಾಜರಾತಿ ಪತ್ರದ ಜೊತೆಗೆ ಅಲ್ಲಿನ ಥಿಯೇಟರ್ ಸಿಸ್ಟರ್ ಬರೆದ ನಾಲ್ಕು ಸಾಲನ್ನೂ ತರಿಸಿಕೊಳ್ಳಬೇಕು ಎನ್ನುವುದು ನನ್ನ ಬೇಡಿಕೆ.